ಮಾಸ್ತರ ಚುಕ್ಕಿ ಹೋದ ದಾರಿ

ಟೈಲರ್ ಮಾಸ್ತರು ಬಾಯಿ ಮುಚ್ಚಿಕೊಂಡು ಚಹಾ ಕುಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡು ಚಹಾ ಕುಡಿಯುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ. ಮಾಸ್ತರು ಬಾಯಿ ತೆರೆದರು, ಚಹಾ ಒಳಗೆ ಹೋಗುವ ಮೊದಲೇ ಮಾತು ಹೊರಗೆ ಬಂತು.

"ದಾರಿ ಆರಿಸೋದು ಅಂದ್ರೆ ಏನು ಮಹಾ ವಿದ್ಯೆ? ಇಪ್ಪತ್ತಾರು ವರ್ಷದಿಂದ ಬಟ್ಟೆ ಮೇಲೆ ಗೆರೆ ಹಾಕಿ ಕತ್ತರಿಸ್ತಾ ಇದೀನಿ. ಎಲ್ಲಿ ನೇರ ಹೋಗ್ಬೇಕು, ಎಲ್ಲಿ ಬಳಸಿ ಹೋಗ್ಬೇಕು ಅಂತ ನನ್ನ ಕತ್ತರೀನ ಕೇಳಿ, ಅದೇ ಹೇಳುತ್ತೆ."

ಕೇಳಿಸಿಕೊಂಡವರು ಮೂವರು. ಒಬ್ಬರು ಭಾವಮೈದ, ಅಂದರೆ ಹೆಂಡತಿಯ ತಮ್ಮ, ಹಲ್ಲಿನ ಡಾಕ್ಟರು. ದಿನವಿಡೀ ಬಾಯಿ ತೆರೆದು ಮಲಗಿದವರ ಎದುರು ಮಾತಾಡಿ ಅಭ್ಯಾಸವಾದ್ದರಿಂದ ತಮ್ಮ ಮಾತಿಗೆ ಯಾರಾದರೂ ಎದುರಾಡಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಇನ್ನೊಬ್ಬರು ಅತ್ತೆ. ಅವರಿಗೆ ಮಗನೂ ಬೇಕು, ಮಗಳೂ ಬೇಕು. ಹಾಗಾಗಿ ಯಾರು ಏನೆಂದರೂ ತಲೆಯಾಡಿಸುತ್ತಿದ್ದರು. ಮೂರನೆಯವಳು ಹೆಂಡತಿ. ಆಕೆ ಕೆಲಸ ಮಾಡುತ್ತಿದ್ದುದು ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲಿ, ಬದುಕುತ್ತಿದ್ದುದು ನಕ್ಷೆ ಓಟಕ್ಕಾಗಿ.

ನಕ್ಷೆ ಓಟವೆಂದರೆ ಓಡುವವರ ಕೈಗೆ ಒಂದು ಕಾಡಿನ ನಕ್ಷೆ, ಒಂದು ದಿಕ್ಸೂಚಿ ಕೊಟ್ಟು ಬಿಟ್ಟುಬಿಡುತ್ತಾರೆ. ನಕ್ಷೆಯಲ್ಲಿ ಕೆಂಪು ವೃತ್ತಗಳಿರುತ್ತವೆ, ಕಾಡಿನಲ್ಲಿ ಆಯಾ ಜಾಗದಲ್ಲಿ ಬಾವುಟಗಳಿರುತ್ತವೆ. ಎಲ್ಲ ಬಾವುಟಗಳನ್ನೂ ಒಂದಾದ ಮೇಲೊಂದು ಮುಟ್ಟಿ ಬರಬೇಕು. ಹೇಗೆ ಹೋಗಬೇಕೆಂದು ಯಾರೂ ಹೇಳುವುದಿಲ್ಲ. ಗುಡ್ಡ ಹತ್ತಿ ಇಳಿಯುವುದೋ, ಬಳಸಿ ಹೋಗುವುದೋ, ಪೊದೆಯಲ್ಲಿ ನುಗ್ಗುವುದೋ, ಅದನ್ನು ನಿಂತ ಕಾಲಲ್ಲಿ ನಿರ್ಧರಿಸಬೇಕು. ಕಾಲು ಚುರುಕಾದವನಿಗಿಂತ ದಾರಿ ಸರಿಯಾಗಿ ಆರಿಸಿದವನು ಮೊದಲು ಬರುತ್ತಾನೆ.

ವರ್ಷಕ್ಕೊಮ್ಮೆ ನಡೆಯುವ ತಂಡದ ಓಟದಲ್ಲಿ ಮೂವರು ಒಬ್ಬರಾದ ಮೇಲೊಬ್ಬರು ಓಡಬೇಕು. ಕೊನೆಯ ಓಟ ಯಾವಾಗಲೂ ಮಾಸ್ತರ ಹೆಂಡತಿಯದು. ಎದುರಾಳಿ ಸಂಘದ ಕೊನೆಯ ಓಟ ಆಕೆಯ ತಮ್ಮ ಡಾಕ್ಟರದು. ಹನ್ನೊಂದು ವರ್ಷದಿಂದ ಡಾಕ್ಟರು ಮೊದಲು, ಅಕ್ಕ ಆಮೇಲೆ. ಮುಂದಿನ ತಿಂಗಳು ಆಕೆಗೆ ಐವತ್ತು ತುಂಬುತ್ತದೆ. ತುಂಬಿದ ಮೇಲೆ ಹಿರಿಯರ ವಿಭಾಗ, ಅಲ್ಲಿ ತಂಡದ ಓಟವೇ ಇಲ್ಲ. ತಮ್ಮನನ್ನು ಸೋಲಿಸಲು ಉಳಿದಿದ್ದು ಇದೊಂದೇ ಸಲ. ಹೀಗಿರುವಾಗ ಆಕೆಯ ತಂಡದಲ್ಲಿ ಎರಡನೆಯ ಓಟ ಓಡಬೇಕಿದ್ದ ಬೇಕರಿಯಾಕೆ ಮೊನ್ನೆ ತನ್ನ ಅಂಗಡಿಯ ಮೆಟ್ಟಿಲ ಮೇಲೇ ಜಾರಿ ಪಾದ ಉಳುಕಿಸಿಕೊಂಡಿದ್ದಳು. ಇಬ್ಬರ ತಂಡಕ್ಕೆ ಪ್ರವೇಶವಿಲ್ಲ.

"ಹಾಗಾದ್ರೆ ಸರಿ ಭಾವ," ಎಂದರು ಡಾಕ್ಟರು, ಬಿಸ್ಕತ್ತು ಮುರಿಯುತ್ತಾ. "ಎರಡನೇ ಓಟ ನೀವೇ ಓಡಿಬಿಡಿ. ಕತ್ತರೀನೂ ಜೊತೇಲಿ ಕರ್ಕೊಂಡು ಹೋಗಿ."

ಹೆಂಡತಿ ಈಗ ಬೇಡ ಅನ್ನುತ್ತಾಳೆ ಎಂದು ಮಾಸ್ತರು ಕಾದರು. ಆಕೆ ಬೇಡ ಅನ್ನಲಿಲ್ಲ. ಲೋಟ ಕೆಳಗಿಟ್ಟು ಅವರ ಮುಖ ನೋಡಿ, "ಓಡ್ತೀರಾ?" ಎಂದಳು. ಆ ಒಂದು ಮಾತಿನಲ್ಲಿ ಅಷ್ಟು ಆಸೆಯಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆಕೆ ತಮ್ಮಿಂದ ಏನನ್ನೂ ಹೀಗೆ ಕೇಳಿದ್ದು ಮಾಸ್ತರಿಗೆ ನೆನಪಿರಲಿಲ್ಲ.

"ಅದಕ್ಕೇನು, ಓಡಿದ್ರಾಯ್ತು," ಎಂದುಬಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇಂಥವರಿಗೇ.

ಬೀದಿಯವರು ಮಾಸ್ತರಿಗೆ 'ಅರ್ಧ ಇಂಚು' ಎಂದು ಹೆಸರಿಟ್ಟಿದ್ದರು. ಪ್ಯಾಂಟು ಬಿಗಿಯಾಯಿತು ಎಂದು ಬಂದರೂ ಅವರ ಉತ್ತರ "ಅರ್ಧ ಇಂಚು ಅಷ್ಟೇ", ದೊಗಲೆಯಾಯಿತು ಎಂದು ಬಂದರೂ "ಅರ್ಧ ಇಂಚು ಅಷ್ಟೇ". ಹೆಂಡತಿ ಅಂದು ಸಂಜೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಳೆಯ ನಕ್ಷೆ ಹರಡಿ ಪಾಠ ಶುರು ಮಾಡಿದಳು.

"ಕಂದು ಗೆರೆ ಅಂದ್ರೆ ಏರು. ಒಂದು ಗೆರೆ ದಾಟೋದು ಅಂದ್ರೆ ಸಮತಟ್ಟಲ್ಲಿ ಐವತ್ತು ಮೀಟರು ಹೆಚ್ಚಿಗೆ ಓಡಿದ ಹಾಗೆ. ಗೆರೆ ಜಾಸ್ತಿ ಇದ್ರೆ ಗುಡ್ಡ ಬಿಟ್ಟು ಬಳಸಿ ಹೋಗಿ. ಕಡು ಹಸಿರು ಅಂದ್ರೆ ಮುಳ್ಳು. ನೀಲಿ ಅಂದ್ರೆ ಜೌಗು, ಅಲ್ಲಿಗೆ ಕಾಲಿಡಬೇಡಿ. ಗೊತ್ತಾಯ್ತಾ? ಈ ಬಾವುಟ ಇಲ್ಲಿದೆ, ನೀವು ಬೆರಳು ಇಟ್ಟಿರೋದು ಅಲ್ಲಿ."

"ಅರ್ಧ ಇಂಚು ಅಷ್ಟೇ."

"ಈ ನಕ್ಷೇಲಿ ಅರ್ಧ ಇಂಚು ಅಂದ್ರೆ ನೂರಿಪ್ಪತ್ತೇಳು ಮೀಟರು ರೀ!"

ದಿಕ್ಸೂಚಿಯನ್ನು ಆಕೆ ತನ್ನ ಅಂಗೈ ಮೇಲಿಟ್ಟು ತೋರಿಸಿದಳು: ಕೆಂಪು ಮುಳ್ಳು ಯಾವಾಗಲೂ ಉತ್ತರಕ್ಕೆ. ಮರುದಿನ ಮಾಸ್ತರು ಅಂಗಡಿಯಲ್ಲಿ ಒಬ್ಬರೇ ಅಭ್ಯಾಸಕ್ಕೆ ನಿಂತರು. ಇಲ್ಲಿ ಒಂದು ಮಾತು ಹೇಳಬೇಕು. ಮಾಸ್ತರ ಎಡಗೈ ಮಣಿಕಟ್ಟಿನಲ್ಲಿ ಒಂದು ಪಟ್ಟಿ, ಪಟ್ಟಿಯ ಮೇಲೆ ಬಿಲ್ಲೆಯಷ್ಟಗಲದ ಅಯಸ್ಕಾಂತ, ಅದಕ್ಕೆ ಅಂಟಿಕೊಂಡ ನಲವತ್ತು ಗುಂಡುಸೂಜಿ. ಇಪ್ಪತ್ತಾರು ವರ್ಷದಿಂದ ಅದು ಅಲ್ಲೇ ಇತ್ತು. ಉಗುರು ತಮ್ಮ ಕೈಯಲ್ಲಿದೆ ಎಂದು ಹೇಗೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲವೋ ಹಾಗೆ ಮಾಸ್ತರಿಗೂ ಅದರ ನೆನಪಿರಲಿಲ್ಲ. ಎಡ ಅಂಗೈ ಮೇಲಿದ್ದ ದಿಕ್ಸೂಚಿಯ ಮುಳ್ಳು ಉತ್ತರಧ್ರುವವನ್ನು ಮರೆತು ಪಕ್ಕದಲ್ಲೇ ಸಿಕ್ಕ ನೆಂಟನ ಕಡೆ ತಿರುಗಿತು. ಮಾಸ್ತರು ಬಾಗಿಲ ಕಡೆ ತಿರುಗಿದರು, ಉತ್ತರ ಅವರ ಹೊಟ್ಟೆಯ ಕಡೆಗಿತ್ತು. ಗೋಡೆಯ ಕಡೆ ತಿರುಗಿದರು, ಆಗಲೂ ಹೊಟ್ಟೆಯ ಕಡೆಗೇ. ಬೇರೆಯವರಾಗಿದ್ದರೆ ಗಾಬರಿಯಾಗುತ್ತಿದ್ದರು. ಮಾಸ್ತರು, "ಒಳ್ಳೇ ಸಾಮಾನು. ಒಂದೇ ದಿನಕ್ಕೆ ಯಜಮಾನನ ಗುರುತು ಹಿಡೀತು" ಎಂದು ಮೆಚ್ಚಿಕೊಂಡರು.

ಓಟದ ದಿನ ಬಂತು. ಕಾಡಿನಂಚಿನ ಬಯಲಲ್ಲಿ ಡೇರೆಗಳು, ಚಹಾದ ಗಾಡಿ, ನಡುವೆ ಗೋಡೆಯಷ್ಟು ದೊಡ್ಡ ಪರದೆ. ಓಡುವವರ ಬೆನ್ನಿಗೆ ಒಂದು ಪುಟ್ಟ ಯಂತ್ರ ಕಟ್ಟುತ್ತಾರೆ. ಅವರು ಕಾಡಿನಲ್ಲಿ ಎಲ್ಲಿದ್ದಾರೆಂಬುದು ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿಗಳ ಆಟವನ್ನು ಮೈಕಿನಲ್ಲಿ ವಿವರಿಸುವವರು ರೈಲು ನಿಲ್ದಾಣದಲ್ಲಿ ಘೋಷಣೆ ಮಾಡಿ ನಿವೃತ್ತರಾದವರು. ಅಷ್ಟು ಗಂಭೀರವಾದ ದನಿ ಇನ್ನೊಂದಿರಲಿಲ್ಲ. ಮುಖ್ಯ ತೀರ್ಪುಗಾರರು ಅಗ್ನಿಶಾಮಕ ದಳದ ಅಧಿಕಾರಿ. ಅವರು ಬೆಳಿಗ್ಗೆಯೇ ನಿಯಮ ಓದಿ ಹೇಳಿದ್ದರು: "ಹನ್ನೆರಡು ಗಂಟೆಗೆ ಸರಿಯಾಗಿ ಗೇಟು ಮುಚ್ಚುತ್ತೆ. ಅಷ್ಟರಲ್ಲಿ ಎರಡನೆಯವರು ಬಂದು ಕೈ ಮುಟ್ಟಿಸದಿದ್ರೆ ಮೂರನೆಯವರು ಓಡೋ ಹಾಗಿಲ್ಲ. ಬೆಂಕಿ ನಮಗೋಸ್ಕರ ಕಾಯಲ್ಲ, ನಾವೂ ಯಾರಿಗೋಸ್ಕರಾನೂ ಕಾಯಲ್ಲ."

ತಂಡದ ಮೊದಲ ಓಟ ಪಕ್ಕದ ಚಷ್ಮದ ಅಂಗಡಿಯವರದು. ಅವರು ನಾಲ್ಕನೆಯವರಾಗಿ ಬಂದು ಹತ್ತೂ ಇಪ್ಪತ್ತೈದಕ್ಕೆ ಮಾಸ್ತರ ಕೈ ಮುಟ್ಟಿದರು. ಮಾಸ್ತರು ತಾವೇ ಹೊಲಿದ ಹೊಸ ಓಟದ ಪ್ಯಾಂಟು, ತುಂಬುತೋಳಿನ ಅಂಗಿ ತೊಟ್ಟಿದ್ದರು. ತೋಳಿನೊಳಗೆ ಅಯಸ್ಕಾಂತ ಹಾಯಾಗಿ ಕೂತಿತ್ತು. ಸಾಧಾರಣ ಓಟಗಾರರಿಗೆ ಬೇಕಾದ ಸಮಯ ಎಪ್ಪತ್ತೈದು ನಿಮಿಷ. ಗೇಟು ಮುಚ್ಚಲು ತೊಂಬತ್ತೈದು ನಿಮಿಷವಿತ್ತು.

ನಕ್ಷೆಯ ಪ್ರಕಾರ ಮೊದಲ ಬಾವುಟ ದಕ್ಷಿಣಕ್ಕೆ. ಮಾಸ್ತರು ದಿಕ್ಸೂಚಿ ನೋಡಿದರು. ಉತ್ತರ ಹೊಟ್ಟೆಗೆ, ಅಂದಮೇಲೆ ಮೂಗಿನ ನೇರಕ್ಕೆ ದಕ್ಷಿಣ. ಆ ಗಳಿಗೆಯಲ್ಲಿ ಅವರ ಮೂಗಿನ ನೇರಕ್ಕೆ ಇದ್ದದ್ದು ಚಹಾದ ಗಾಡಿ. ಅದನ್ನು ಸುತ್ತಿಕೊಂಡು ಮಾಸ್ತರು ಕಾಡು ಹೊಕ್ಕರು.

"ಪ್ರೇಕ್ಷಕರ ಗಮನಕ್ಕೆ," ಎಂದಿತು ಮೈಕು, "ಏಳನೇ ನಂಬರಿನ ಚುಕ್ಕಿ ಇದುವರೆಗೆ ಯಾರೂ ಹಿಡಿಯದ ದಾರಿ ಹಿಡಿದಿದೆ."

"ಅದು ನಮ್ಮ ಅಳಿಯಂದಿರಾ?" ಮಡಚುವ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಕೇಳಿದರು.

"ಹೌದಮ್ಮ, ಅವರೇ." ಮಗಳು ಪರದೆಯಿಂದ ಕಣ್ಣು ಕೀಳದೆ ಶೂ ದಾರ ಬಿಗಿಯುತ್ತಿದ್ದಳು.

"ಬೇರೆ ಚುಕ್ಕಿ ಎಲ್ಲ ಆ ಕಡೆ ಹೋಗ್ತಿವೆಯಲ್ಲೇ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ಮಗಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಅಲೆದು ಅಲೆದು ಇಪ್ಪತ್ತು ನಿಮಿಷದ ಮೇಲೆ ಮಾಸ್ತರು ಒಂದು ಬಾವುಟಕ್ಕೆ ಎಡವಿ ಬಿದ್ದರು. ನಂಬರು ನೋಡಿದರೆ ಮೊದಲನೆಯದೇ! ದಿಕ್ಸೂಚಿಯ ಮೇಲೆ ಭಕ್ತಿ ಉಕ್ಕಿತು. ಎರಡನೆಯದೂ ದಕ್ಷಿಣಕ್ಕೇ ಇತ್ತು. ಮತ್ತೆ ಮೂಗಿನ ನೇರಕ್ಕೆ ಹೊರಟವರು ಮುಳ್ಳಿನ ಪೊದೆಯಿಂದ ಹೊರಬಿದ್ದದ್ದು ಒಂದು ಅಗಲವಾದ, ನುಣುಪಾದ ಮಣ್ಣಿನ ದಾರಿಗೆ. ಮರ ಕಡಿಯುವವರು ಕಳೆದ ವಾರವಷ್ಟೇ ದಿಮ್ಮಿ ಸಾಗಿಸಲು ಹೊಸದಾಗಿ ಮಾಡಿದ ದಾರಿ ಅದು. ನಕ್ಷೆ ಅಚ್ಚಾದ ಮೇಲೆ ಹುಟ್ಟಿದ್ದರಿಂದ ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಮಾಸ್ತರು ಸಂತೋಷದಿಂದ ಓಡಿದರು. ಮದುವೆಯಾದ ಮೇಲೆ ಅವರು ಅಷ್ಟು ಜೋರಾಗಿ ಓಡಿರಲಿಲ್ಲ.

"ಏಳನೇ ನಂಬರಿನ ಚುಕ್ಕಿ ವೇಗದೂತವಾಗಿ ಮಾರ್ಪಟ್ಟಿದೆ," ಎಂದಿತು ಮೈಕು. ಬಯಲಿನವರೆಲ್ಲ ಎದ್ದು ನಿಂತರು. ಡಾಕ್ಟರು ಜೇಬಿನಿಂದ ಪುಸ್ತಕ ತೆಗೆದು ಏನೋ ಗುರುತು ಮಾಡಿಕೊಂಡರು.

ದಾರಿ ಮುಗಿದಲ್ಲಿ ಎರಡನೆಯ ಬಾವುಟ ಸಿಕ್ಕಿತು. ಮೂರನೆಯದು ಮಾತ್ರ ಉತ್ತರಕ್ಕಿತ್ತು. ಇಲ್ಲಿ ಮಾಸ್ತರಿಗೆ ಗ್ರಹಚಾರ ವಕ್ಕರಿಸಿತು. ಉತ್ತರ ಹೊಟ್ಟೆಯ ಕಡೆಗಿದೆ, ಅಂದರೆ ಹಿಂದಕ್ಕೆ ತಿರುಗಬೇಕು. ತಿರುಗಿದರು. ಉತ್ತರವೂ ತಿರುಗಿ ಹೊಟ್ಟೆಗೇ ಬಂತು. ಮತ್ತೆ ತಿರುಗಿದರು, ಮತ್ತೆ ಬಂತು. ನಾಲ್ಕು ಹೆಜ್ಜೆ ಓಡಿ, ಮೋಸ ಮಾಡುವವರ ಹಾಗೆ ಥಟ್ಟನೆ ತಿರುಗಿ ನೋಡಿದರು. ಉತ್ತರ ಬಿಡಲಿಲ್ಲ.

"ಅಳಿಯಂದಿರು ಏನೋ ಕಳ್ಕೊಂಡು ಹುಡುಕ್ತಿದ್ದಾರೆ," ಎಂದರು ಅತ್ತೆ.

"ಪ್ರೇಕ್ಷಕರೇ, ಏಳು ಸುತ್ತು!" ಮೈಕಿನ ದನಿ ಮೊದಲ ಬಾರಿಗೆ ನಡುಗಿತು. "ಹಿಂದೆ ಬರುವವರ ದಿಕ್ಕು ತಪ್ಪಿಸುವ ತಂತ್ರ ಇದು. ನನ್ನ ಅನುಭವದಲ್ಲೇ ನೋಡಿಲ್ಲ."

ಪಕ್ಕದ ಡೇರೆಯ ಸಂಘದವರು ತಮ್ಮ ಕೊನೆಯ ಓಟಗಾರನಿಗೆ, "ನೋಡಿ ಕಲಿ" ಎಂದರು. ಚಷ್ಮದ ಅಂಗಡಿಯವರು ಚಷ್ಮ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾಸ್ತರಿಗೆ ಅಷ್ಟರಲ್ಲಿ ಉಪಾಯ ಹೊಳೆದಿತ್ತು. ಮುಳ್ಳು ಹೊಟ್ಟೆಯನ್ನೇ ತೋರಿಸುತ್ತದೆ, ಅಂದರೆ ಉತ್ತರ ಬೆನ್ನ ಕಡೆಗೇ ಇರುತ್ತದೆ ಎಂದಾದರೆ ಬೆನ್ನ ಕಡೆಗೇ ನಡೆದರಾಯಿತು! ತರ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಹೀಗೆ ಹಿಮ್ಮುಖವಾಗಿ, ದಿಕ್ಸೂಚಿಯ ಮೇಲಿಂದ ಕಣ್ಣು ತೆಗೆಯದೆ, ಬಲು ಶಿಸ್ತಿನಿಂದ ನಡೆದ ಮಾಸ್ತರು ಹಾಗೆಯೇ ನೀಲಿ ಬಣ್ಣದೊಳಕ್ಕೆ ಇಳಿದರು.

ತೊಡೆಯವರೆಗೆ ಕೆಸರು. ಕೊಂಬೆಯೊಂದು ಕೈಗೆ ಸಿಗದಿದ್ದರೆ ಗತಿಯೇನೆಂದು ಹೇಳಲಾಗದು. ಅದನ್ನು ಹಿಡಿದು ಎದ್ದಾಗ ಚರ್ರ್ ಎಂಬ ಸದ್ದು ಕೇಳಿತು. ಆ ಸದ್ದನ್ನು ಮಾಸ್ತರು ನಿದ್ದೆಯಲ್ಲೂ ಗುರುತಿಸಬಲ್ಲರು: ಪ್ಯಾಂಟಿನ ಹಿಂಬದಿಯ ಹೊಲಿಗೆ. ಮೈಗೆ ಆದ ನೋವಿಗಿಂತ ಇದು ಹೆಚ್ಚಾಯಿತು. ತಾನೇ ಹೊಲಿದ ಪ್ಯಾಂಟು ಹರಿದುಕೊಂಡು ಅತ್ತೆಯ ಮುಂದೆ ಹೋಗುವುದಕ್ಕಿಂತ ಕೆಸರಲ್ಲೇ ಮುಳುಗುವುದು ವಾಸಿ. ಜೌಗಿನ ನಡುವೆ ಒಂದು ಬಂಡೆಯಿತ್ತು. ಅದರ ಮೇಲೆ ಕೂತು, ತೋಳು ಮಡಿಸಿ, ಗುಂಡುಸೂಜಿಗಾಗಿ ಮಣಿಕಟ್ಟಿನ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟರು.

ದಿಕ್ಸೂಚಿಯ ಮುಳ್ಳು ಹೊಟ್ಟೆ ಬಿಟ್ಟು ಪಟ್ಟಿಯ ಕಡೆ ತಿರುಗಿತು.

ಮಾಸ್ತರು ಪಟ್ಟಿಯನ್ನು ಎಡಕ್ಕಿಟ್ಟರು. ಮುಳ್ಳು ಎಡಕ್ಕೆ. ಬಲಕ್ಕಿಟ್ಟರು. ಮುಳ್ಳು ಬಲಕ್ಕೆ. ಕೈಯಲ್ಲಿದ್ದ ಸೂಜಿ ಕೈಯಲ್ಲೇ ಉಳಿಯಿತು. ನಗು ಬರಬೇಕಿತ್ತು, ಬರಲಿಲ್ಲ, ಹೆಂಡತಿಯ "ಓಡ್ತೀರಾ?" ಕಿವಿಯಲ್ಲಿ ಕೇಳಿತು. ಪಾಪ, ಆಕೆ ಅಲ್ಲಿ ಶೂ ಬಿಗಿದುಕೊಂಡು ನಿಂತಿದ್ದಾಳೆ. ಮಾಸ್ತರು ಹದಿನಾಲ್ಕು ಸೂಜಿಯಲ್ಲಿ ಪ್ಯಾಂಟು ಭದ್ರ ಮಾಡಿ, ಇಪ್ಪತ್ತಾರು ವರ್ಷದ ಸಂಗಾತಿಯನ್ನು ದೂರ ಕೆಸರಿಗೆಸೆದು, ಗಡಿಯಾರ ನೋಡಿದರು. ಹನ್ನೊಂದೂ ಇಪ್ಪತ್ತೈದು. ಇನ್ನೂ ಮೂರು ಬಾವುಟ ಬಾಕಿ.

ಇತ್ತ ಪರದೆಯ ಮೇಲೆ ಏಳನೇ ನಂಬರಿನ ಚುಕ್ಕಿ ನೀಲಿಯ ನಟ್ಟನಡುವೆ ಹನ್ನೊಂದು ನಿಮಿಷ ಅಲುಗಾಡದೆ ನಿಂತಿತ್ತು. ಮೈಕು, "ಕಾರಣಾಂತರಗಳಿಂದ ವಿಳಂಬ" ಎಂದು ಘೋಷಿಸಿತು. ಡಾಕ್ಟರು ತಮ್ಮ ಸಂಘದವರ ಕಿವಿಯಲ್ಲಿ ಗುಟ್ಟು ಹೇಳಿದರು. ಅವರ ಗುಟ್ಟು ನಾಲ್ಕು ಡೇರೆಯಾಚೆಗೆ ಕೇಳಿಸಿತು.

"ಜೌಗು ಈ ವರ್ಷ ಒಣಗಿದೆ! ಒದ್ದೆ ಜಾಗದಲ್ಲಿ ಯಾರಾದ್ರೂ ಹನ್ನೊಂದು ನಿಮಿಷ ಕೂರ್ತಾರಾ? ಭಾವ ಆರಾಮಾಗಿ ಕೂತು ನಕ್ಷೆ ಓದ್ತಿದ್ದಾರೆ. ನನ್ನ ಓಟಕ್ಕೆ ಜೌಗು ಅಡ್ಡ ಬಂದ್ರೆ ನಾನು ನೇರ ಅದರ ಮೇಲೇ ಹೋಗೋದು."

ಐದು ಸಂಘದ ಓಟಗಾರರು ಕೇಳಿಸಿಕೊಂಡು, ಕೇಳಿಸದವರಂತೆ ಮುಖ ಮಾಡಿದರು. ಮಾಸ್ತರ ಹೆಂಡತಿಯೂ ಕೇಳಿಸಿಕೊಂಡಳು. ಸಣ್ಣ ದನಿಯಲ್ಲಿ, "ಅಯ್ಯೋ, ಇವರ ಗತಿಯೇ" ಎಂದುಕೊಂಡಳು.

ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಡಾಕ್ಟರೂ ಉಳಿದ ಐವರೂ ಹೊರಟು ಹೋಗಿದ್ದರು. ಹನ್ನೊಂದೂ ಐವತ್ತು. ಐವತ್ತೈದು. ಅಗ್ನಿಶಾಮಕ ಅಧಿಕಾರಿ ಗೇಟಿನ ಹಗ್ಗಕ್ಕೆ ಕೈ ಹಾಕಿದರು.

"ಸಾರ್, ಒಂದು ನಿಮಿಷ ಹೆಚ್ಚು ಕೊಡಿ," ಚಷ್ಮದ ಅಂಗಡಿಯವರು ಕೈ ಮುಗಿದರು. "ನಿಮ್ಮ ಗಡಿಯಾರ ಅಷ್ಟು ಮುಂದಿರಬಹುದು."

"ನನ್ನ ಗಡಿಯಾರಕ್ಕೆ ಚಷ್ಮ ಬೇಡ," ಎಂದರು ಅಧಿಕಾರಿ.

ಕಾಡಿನಲ್ಲಿ ಮಾಸ್ತರ ಎದುರು ಕೊನೆಯ ಗುಡ್ಡ ನಿಂತಿತ್ತು. ಅದರಾಚೆಗೆ ಬಯಲು, ಮೈಕಿನ ದನಿ ಕೇಳಿಸುತ್ತಿತ್ತು. ನೇರ ಹತ್ತಿಬಿಡಲೇ ಎಂದು ಕಾಲು ತುಡಿಯಿತು. ಮಾಸ್ತರು ನಿಂತರು. ಹಲ್ಲು ಕಚ್ಚಿ ಕಂದು ಗೆರೆ ಎಣಿಸಿದರು. ಒಂಬತ್ತು. ಒಂಬತ್ತೈವತ್ತಲೆ ನಾನೂರೈವತ್ತು. ಬಳಸುವ ದಾರಿ ಮುನ್ನೂರು ಮೀಟರಷ್ಟೇ ಹೆಚ್ಚು. ಜೀವಮಾನದಲ್ಲಿ ಮೊದಲ ಸಲ ಅರ್ಧ ಇಂಚೂ ಹೆಚ್ಚುಕಮ್ಮಿಯಿಲ್ಲದೆ ಲೆಕ್ಕ ಹಾಕಿ, ಗುಡ್ಡ ಬಿಟ್ಟು ಬಳಸಿ ಓಡಿದರು.

ಹನ್ನೊಂದೂ ಐವತ್ತೊಂಬತ್ತು, ಮೇಲೆ ಇಪ್ಪತ್ತು ಸೆಕೆಂಡು. ಕೆಸರಿನ ಬೊಂಬೆಯೊಂದು ಬಯಲಿಗೆ ನುಗ್ಗಿತು. ಕೈ ಮುಟ್ಟಿಸುತ್ತಾ, "ನನ್ನಿಂದ ಎಲ್ಲ ಹಾಳಾಯ್ತು ಕಣೇ, ಆ ಅಯಸ್ಕಾಂತ..." ಎಂದು ಮಾಸ್ತರು ಏದುಸಿರು ಬಿಟ್ಟರು. ಆಕೆ ಕೇಳಿಸಿಕೊಳ್ಳಲಿಲ್ಲ. ಆಕೆಯ ಕಣ್ಣು ಅವರ ಮುಖದ ಮೇಲಿರಲಿಲ್ಲ, ತೊಡೆಯವರೆಗೆ ಮೆತ್ತಿದ ಕೆಸರಿನ ಮೇಲಿತ್ತು. ಅಷ್ಟು ನೋಡಿ ಮುಗುಳ್ನಕ್ಕು, ನಕ್ಷೆ ಎಳೆದುಕೊಂಡು ಓಡಿಯೇಬಿಟ್ಟಳು. ಹಿಂದೆ ಗೇಟು ಮುಚ್ಚಿತು.

ಮಾಸ್ತರು ಅತ್ತೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂರಲು ಹೋಗಿ, ಹದಿನಾಲ್ಕು ಸೂಜಿಯ ನೆನಪಾಗಿ ನಿಂತೇ ಉಳಿದರು. ಅತ್ತೆ ನೀರು ಕೊಟ್ಟು, "ಸಿಕ್ತಾ?" ಎಂದು ಕೇಳಿದರು.

"ಏನು ಸಿಕ್ತಾ ಅತ್ತೆ?"

"ನೀವು ಹುಡುಕ್ತಿದ್ದದ್ದು."

ಎಲ್ಲರೂ ಹೊರಟಾದ ಮೇಲಷ್ಟೇ ಪರದೆಯ ಮೇಲೆ ಕೊನೆಯ ಓಟದ ನಕ್ಷೆ ಮೂಡಿತು. ಮೊದಲ ಬಾವುಟ ಜೌಗಿನ ಆಚೆ ದಡದಲ್ಲಿ. ನೇರ ಹೋದರೆ ಐನೂರು ಮೀಟರು; ಬಳಸಿ ಹೋದರೆ ಕಡು ಹಸಿರು ಮುಳ್ಳು, ಎರಡು ಕಿಲೋಮೀಟರು. ನಕ್ಷೆ ಬಲ್ಲವರು ಯಾರೂ ಬಳಸುವುದಿಲ್ಲ. ಡಾಕ್ಟರ ಚುಕ್ಕಿ ಆಗಲೇ ನೀಲಿಯೊಳಗೆ ಇಳಿದಿತ್ತು, ಹಿಂದೆ ಕುರಿಮಂದೆಯಂತೆ ಐದು ಚುಕ್ಕಿ. ಇಳಿದವು. ನಿಂತವು.

"ಪ್ರೇಕ್ಷಕರ ಗಮನಕ್ಕೆ," ಮೈಕು ತಡವರಿಸಿತು. "ಆರೂ ಗಾಡಿಗಳು ಒಂದೇ ಕಡೆ ನಿಂತಿವೆ. ಮುಂದಿನ ಸೂಚನೆಯವರೆಗೆ..."

ಏಳನೇ ನಂಬರಿನ ಹೊಸ ಚುಕ್ಕಿ ಜೌಗಿನ ಹತ್ತಿರ ಕೂಡ ಸುಳಿಯಲಿಲ್ಲ. ಅಂಚಿನಲ್ಲೇ ತಿರುಗಿ, ಮುಳ್ಳಿನ ನಡುವೆ ಒಂದು ಕಡೆ ಸೇರಿ, ಅಲ್ಲಿಂದ ನಕ್ಷೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ನೂಲು ಎಳೆದಷ್ಟು ನೇರವಾಗಿ ಓಡತೊಡಗಿತು. ಮಾಸ್ತರು ಹಾರಿದರು.

"ಅದು ನನ್ನ ದಾರಿ! ಅತ್ತೆ, ಅದು ನನ್ನ ದಾರಿ! ಅವಳು ನನ್ನ ದಾರೀಲಿ ಹೋಗ್ತಿದ್ದಾಳೆ!"

ಹನ್ನೆರಡೂ ಐವತ್ತನಾಲ್ಕಕ್ಕೆ ಆಕೆ ಒಬ್ಬಳೇ ಬಯಲಿಗೆ ಬಂದು ಕೊನೆಯ ಗೆರೆ ದಾಟಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಕೆಯ ಮುಂದೆ ಯಾರೂ ಇರಲಿಲ್ಲ. ಅತ್ತೆ ಕುರ್ಚಿಯಿಂದೆದ್ದು ಕುಣಿದರು, ಮಗ ಎಲ್ಲಿ ಎಂದು ಕೇಳುವುದನ್ನೂ ಮರೆತರು. ಮಗ ಒಂಬತ್ತು ನಿಮಿಷದ ಮೇಲೆ ಒಂದೇ ಶೂ ಹಾಕಿಕೊಂಡು ಬಂದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಡಾಕ್ಟರಿಗೆ ಆ ಸಮಾಧಾನವೂ ಇರಲಿಲ್ಲ. ಮೀಸೆಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

"ಇದು ಅನ್ಯಾಯ!" ಅವರು ಅಧಿಕಾರಿಯ ಮುಂದೆ ನಿಂತರು. "ಅಕ್ಕ ಪರದೆ ನೋಡಿ ದಾರಿ ಕಲ್ತಿದ್ದಾಳೆ."

"ನೀವು ನೋಡ್ಲಿಲ್ವಾ?"

"ನೋಡ್ದೆ. ನೋಡೇ ಜೌಗಿಗೆ ಹೋಗಿದ್ದು!"

"ಮತ್ತೇನು? ಪರದೆ ಎಲ್ಲರಿಗೂ ಒಂದೇ," ಎಂದು ಅಧಿಕಾರಿ ಆಕೆಯ ಕಡೆ ತಿರುಗಿದರು. "ಆದ್ರೂ ಒಂದು ಮಾತು ಕೇಳ್ತೀನಿ. ಎಲ್ಲರಿಗೂ ಕಂಡಿದ್ದು ಅದೇ ಚುಕ್ಕಿ. ನಿಮಗೊಬ್ಬರಿಗೆ ಹೇಗೆ ಅರ್ಥ ಆಯ್ತು?"

"ಇಪ್ಪತ್ತೆರಡು ವರ್ಷದ ಸಂಸಾರ ಸಾರ್," ಆಕೆ ಬೆವರು ಒರೆಸಿಕೊಂಡಳು. "ಇವರು ಕೂತು ಯೋಚನೆ ಮಾಡೋರಲ್ಲ. ಹನ್ನೊಂದು ನಿಮಿಷ ಒಂದೇ ಕಡೆ ಇದ್ದಾರೆ ಅಂದ್ರೆ ಸಿಕ್ಕಿಹಾಕ್ಕೊಂಡಿದ್ದಾರೆ. ಹಾಗೇ ಇವರು ಓಡೋರೂ ಅಲ್ಲ. ಅಷ್ಟು ಜೋರಾಗಿ ಓಡಿದ್ರು ಅಂದ್ರೆ ಕಾಲ ಕೆಳಗೆ ರಾಜಬೀದಿ ಇರ್ಲೇಬೇಕು."

ಮೈಕು ಮಾಸ್ತರ ಬಾಯಿಯ ಮುಂದೆ ಬಂತು. ಜೌಗಿನ ನಡುವೆ ಹನ್ನೊಂದು ನಿಮಿಷ ನಿಂತ ಆ ತಂತ್ರದ ಹೆಸರೇನು ಎಂದು ನಿವೃತ್ತ ಘೋಷಕರು ಕೇಳಿದರು. ಜಂಭ ಕೊಚ್ಚಲು ಇಂಥ ಅವಕಾಶ ಮಾಸ್ತರಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು.

"ಪ್ಯಾಂಟು ಹರಿದಿತ್ತು," ಎಂದರು.

ಬಯಲೆಲ್ಲ ಚಪ್ಪಾಳೆ. "ಎಂಥ ವಿನಯ!" ಎಂದಿತು ಮೈಕು.

ಸಾಮಾನು ಕಟ್ಟಿ ಹೊರಡುವ ಹೊತ್ತಿಗೆ ಡಾಕ್ಟರು ಬರಿಗಾಲು ಎಳೆಯುತ್ತಾ ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದರು. ಎರಡು ಡೇರೆಗೆ ಮಾತ್ರ ಕೇಳಿಸಿತು.

"ಅಕ್ಕ, ಮುಂದಿನ ವರ್ಷ ಹೇಗೂ ನೀನು ಓಡಲ್ಲ. ಭಾವನ್ನ ನಮ್ಮ ತಂಡಕ್ಕೆ ಕೊಡ್ತೀಯಾ?"

"ಕೊಡಲ್ಲ ಕಣೋ," ಎಂದಳು ಆಕೆ. "ಅವರು ದಾರಿ ತಪ್ಪಿದ್ರೆ ಓದೋಕೆ ನಿನಗೆ ಬರಲ್ಲ."

ಶಾಲೆಯ ದಿನಗಳಿಂದ ಯಾವ ಆಟಕ್ಕೂ ಯಾವ ತಂಡವೂ ಮಾಸ್ತರನ್ನು ಬೇಕೆಂದು ಕರೆದಿರಲಿಲ್ಲ. ಇಂದು ಒಬ್ಬರು ಕೇಳಿದರು, ಇನ್ನೊಬ್ಬರು ಕೊಡುವುದಿಲ್ಲ ಎಂದರು. ಅವರ ಎದೆ ಅಂಗಿಯ ಹೊಲಿಗೆಯನ್ನು ಪರೀಕ್ಷಿಸುವಷ್ಟು ಉಬ್ಬಿತು.

"ಬನ್ನಿ ಬನ್ನಿ, ಬಸ್ಸಿಗೆ ಹೊತ್ತಾಯ್ತು. ದಾರಿ ನಾನು ತೋರಿಸ್ತೀನಿ," ಎಂದು ಎಲ್ಲರಿಗಿಂತ ಮುಂದೆ ಹೊರಟು, ಬಯಲಿನ ಬಾಗಿಲಲ್ಲಿ ಕ್ಷಣವೂ ಅನುಮಾನಿಸದೆ ಎಡಕ್ಕೆ ತಿರುಗಿದರು.

ಬಸ್ ನಿಲ್ದಾಣ ಬಲಕ್ಕಿತ್ತು. ಅತ್ತೆ, ಡಾಕ್ಟರು, ಚಷ್ಮದ ಅಂಗಡಿಯವರು, ಎರಡೂ ಸಂಘದವರು ಅವರು ಹೋದ ಕಡೆಯನ್ನು ಸರಿಯಾಗಿ ನೋಡಿಕೊಂಡು ಒಟ್ಟಾಗಿ ಬಲಕ್ಕೆ ತಿರುಗಿದರು. ಅವರಿಗೂ ಈಗ ವಿದ್ಯೆ ಹತ್ತಿತ್ತು.

"ಕರೀಬಾರ್ದೇನೇ ಅವರನ್ನ?" ಎಂದು ಅತ್ತೆ ಮಗಳ ಕಡೆ ನೋಡಿದರು. ಮಗಳು ಅಲ್ಲಿರಲಿಲ್ಲ. ಗೆದ್ದ ಬಹುಮಾನದ ಬಟ್ಟಲನ್ನು ಕಂಕುಳಲ್ಲಿ ಇಟ್ಟುಕೊಂಡು, ಅವಸರವೇನೂ ಇಲ್ಲದೆ, ಗಂಡನ ಹಿಂದೆ ಎಡಕ್ಕೆ ಹೋಗುತ್ತಿದ್ದಳು.